ಕೊಯ್ಯೋದು ಯಾವಾಗ?

ನಾಯಿ ಸಾಕಿದವರನ್ನು ಯಾರೂ ‘ಕೊಯ್ಯೋದು ಯಾವಾಗ?’ ಎಂದು ಕೇಳುವುದಿಲ್ಲ. ಲವ್‌ಬರ್ಡ್ಸ್ ಇಟ್ಟುಕೊಂಡವರಿಗೂ ಆ ಕಾಟವಿಲ್ಲ. ಗೌಜಲ ಹಕ್ಕಿ ಸಾಕಿ ನೋಡಿ. ಹಾಲಿನವನಿಂದ ಹಿಡಿದು ಗ್ಯಾಸ್ ಸಿಲಿಂಡರ್ ಹೊತ್ತು ತರುವವನವರೆಗೆ ಎಲ್ಲರೂ ಗೂಡಿನ ಮುಂದೆ ಒಂದು ಗಳಿಗೆ ನಿಂತು, ಕಣ್ಣಲ್ಲೇ ಹಕ್ಕಿಯನ್ನು ತೂಗಿ, ಅದೇ ಪ್ರಶ್ನೆ ಹಾಕುತ್ತಾರೆ. ಅವರನ್ನೂ ದೂರುವಂತಿಲ್ಲ. ಮೈಸೂರಿನಿಂದ ಯಾವ ದಿಕ್ಕಿಗೆ ಹೊರಟರೂ ಢಾಬಾಗಳ ಬೋರ್ಡಿನಲ್ಲಿ ಗೌಜಲದ ಹೆಸರು ‘ಫ್ರೈ’ ಜೊತೆಗಿಲ್ಲದೆ ಒಂಟಿಯಾಗಿ ಕಂಡದ್ದೇ ಇಲ್ಲ.

ಅವನ್ನು ತಂದುಕೊಟ್ಟ ನನ್ನ ಹೆಂಡತಿಯ ತಮ್ಮನ ಮನಸ್ಸಿನಲ್ಲಿದ್ದದ್ದೂ ಫ್ರೈಯೇ. ಕೆ.ಆರ್. ನಗರದ ಹತ್ತಿರ ಅವನ ಸ್ನೇಹಿತನ ಫಾರಂ ಇದೆ. ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ತೂತು ಹೊಡೆದು, ಐದು ಹಕ್ಕಿ ತುಂಬಿ, ‘ಭಾನುವಾರಕ್ಕೆ, ಭಾವ’ ಎಂದು ಕೊಟ್ಟು ಹೋದ. ಶುಕ್ರವಾರ ಸಂಜೆಯೊಳಗೆ ಮಗಳು ಐದಕ್ಕೂ ಹೆಸರಿಟ್ಟಾಗಿತ್ತು. ಹೆಸರಿಟ್ಟ ಹಕ್ಕಿಗೆ ಮಸಾಲೆ ಹಚ್ಚುವುದು ಕಷ್ಟ. ಅದರಲ್ಲೂ ಒಂದರ ಹೆಸರು ‘ಗಣಿತದ ಮಿಸ್’. ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದಲ್ಲ, ಹೋಂವರ್ಕ್ ಆಗಿಲ್ಲ ಅನ್ನೋದು ಅದಕ್ಕೆ ಗೊತ್ತು ಎಂಬುದು ಮಗಳ ವಾದ.

ಗೂಡಿಗೆಂದು ಅಟ್ಟದ ಮೇಲಿದ್ದ ಅಮ್ಮನ ತವರಿನ ಹಾಲಿನ ಬೀರು ಕೆಳಗಿಳಿಯಿತು. ಬೆಕ್ಕಿನ ಭಯಕ್ಕೆ ಜಾಲರಿ ಬಾಗಿಲು, ಇರುವೆಯ ಭಯಕ್ಕೆ ಕಾಲಿನಡಿ ನೀರಿನ ಬಟ್ಟಲು, ಎಲ್ಲ ಸಿದ್ಧವಾಗಿಯೇ ಇತ್ತು. ತೊಂದರೆ ಇದ್ದದ್ದು ಚಾವಣಿಯಲ್ಲಿ. ಗೌಜಲ ಗಾಬರಿಯಾದರೆ ನಿಂತಲ್ಲಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಹುಲ್ಲುಗಾವಲಿನಲ್ಲಿ ಅದು ಸರಿ, ಮೇಲೆ ಆಕಾಶ. ಬೀರುವಿನಲ್ಲಿ ಮೇಲಿರುವುದು ಸಾಗುವಾನಿ ಹಲಗೆ. ಹೀಗೆ ನೆತ್ತಿ ಒಡೆದುಕೊಂಡು ಸತ್ತ ಗೌಜಲಗಳು ಬೇಕಾದಷ್ಟಿವೆ. ಆದ್ದರಿಂದ ಚಾವಣಿ ಒಂದಡಿಗಿಂತ ತಗ್ಗಿರಬೇಕು, ವೇಗ ಹಿಡಿಯಲು ಜಾಗವೇ ಸಿಗಬಾರದು, ಇಲ್ಲವೇ ಮೆತ್ತಗಿರಬೇಕು. ಹಳೆ ಸೋಫಾದ ಸ್ಪಂಜು ಕತ್ತರಿಸಿ ಅಂಟಿಸಿದೆ. ಈಗ ಕುಕ್ಕರ್ ಒಮ್ಮೆ ಕೂಗಿದರೆ ಬೀರುವಿನೊಳಗಿಂದ ಐದು ಸಲ ‘ದುಬ್’. ಹೆಂಡತಿ ಹಾಲಿನಲ್ಲಿ ಧಾರಾವಾಹಿ ನೋಡುತ್ತಲೇ ಸೀಟಿಯ ಲೆಕ್ಕ ಇಡುತ್ತಾಳೆ.

ಮೇವಿನ ಅಂಗಡಿಯಲ್ಲಿ ನನಗೆ ಸಿಕ್ಕ ಮರ್ಯಾದೆ ಬಹಳ ಹೊತ್ತು ಉಳಿಯಲಿಲ್ಲ.

‘ಎಷ್ಟು ಹಕ್ಕಿ ಸಾರ್?’

‘ಐದು.’

ಅಂಗಡಿಯವರು ಕುರ್ಚಿ ಎಳೆದು ಕೂರಿಸಿ, ‘ಐದು ಸಾವಿರಕ್ಕೆ ಅಂದ್ರೆ ಮೊದಲನೇ ವಾರ...’ ಎಂದು ಕ್ಯಾಲ್ಕುಲೇಟರ್ ತೆಗೆದರು.

‘ಸಾವಿರ ಅಲ್ಲ. ಐದು.’

ಕ್ಯಾಲ್ಕುಲೇಟರ್ ಡ್ರಾಯರಿಗೆ ವಾಪಸ್ ಹೋಯಿತು. ಬೆಳೆಯುವ ಗೌಜಲಕ್ಕೆ ಮೇವಿನಲ್ಲಿ ಶೇ. 24ರಷ್ಟಾದರೂ ಪ್ರೋಟೀನ್ ಇರಬೇಕು, ಮೊಟ್ಟೆಕೋಳಿಯ ಮೇವಿನಲ್ಲಿ ಅಷ್ಟು ಇರುವುದಿಲ್ಲ. ಬೇಕಾದದ್ದು ಅವರಲ್ಲಿತ್ತು, ಆದರೆ 50 ಕೆಜಿ ಮೂಟೆಯಲ್ಲಿ. ಒಂದು ಗೌಜಲ ದಿನಕ್ಕೆ ತಿನ್ನುವುದು 25–30 ಗ್ರಾಂ. ನಿಂತಲ್ಲೇ ಲೆಕ್ಕ ಹಾಕಿದೆ: ಮೂಟೆ ಖಾಲಿಯಾಗಲು ಕಡಿಮೆಯೆಂದರೂ ಹನ್ನೊಂದು ತಿಂಗಳು, ಬೂಷ್ಟು ಹಿಡಿಯಲು ಅದಕ್ಕಿಂತ ಬಹಳ ಕಡಿಮೆ. ಕೊನೆಗೆ ಅವರೇ ಮನಸ್ಸು ಕರಗಿ ಒಡೆದ ಮೂಟೆಯಿಂದ ಐದು ಕೆಜಿ ತೂಗಿಕೊಟ್ಟು, ‘ಮನೇಲಿ ಏನ್ಸಾರ್ ಫಂಕ್ಷನ್ನು?’ ಎಂದರು.

ಐದರಲ್ಲಿ ನಾಲ್ಕರ ಎದೆ ತುಂಬ ಕಪ್ಪು ಚುಕ್ಕಿ, ಅವು ಹೆಣ್ಣು. ಒಂದರ ಎದೆ ಮಾತ್ರ ಹಂಚಿನ ಬಣ್ಣ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರುವುದೇ ಸರಿಯಾದ ಸಂಸಾರವಂತೆ. ಗಂಡು ಇನ್ನೊಂದಿದ್ದರೆ ನೆತ್ತಿ ಕುಕ್ಕಿ ರಕ್ತ ಬರಿಸಿಕೊಳ್ಳುತ್ತವೆ. ನಮ್ಮ ಗಂಡು ಬೆಳಗಿನ ಜಾವಕ್ಕೇ ಶುರುಮಾಡುವ ಮೂರು ತುಂಡಿನ ಕರ್ಕಶ ಕೂಗು ಅಷ್ಟು ಪುಟ್ಟ ಮೈಯಿಂದ ಬರುತ್ತದೆಂದು ನಂಬುವುದೇ ಕಷ್ಟ. ಜಪಾನಿನಲ್ಲಿ ಹಿಂದೆ ಇವನ್ನು ಕೂಗಿನ ಸೊಗಸಿಗೆಂದೇ ಸಾಕುತ್ತಿದ್ದರು ಎಂದು ಓದಿದ ಮೇಲೆ ಆ ದೇಶದ ಸಂಗೀತದ ಬಗ್ಗೆ ನನಗೆ ಕುತೂಹಲ ಹೆಚ್ಚಾಗಿದೆ.

ಒಂದು ದಿನ ಇದೇ ಗಂಡಿನ ಹಿಕ್ಕೆಯ ಮೇಲೆ ಬೆಳ್ಳನೆ ನೊರೆ. ಮನೆಯವರೆಲ್ಲ ಗಾಬರಿ. ಪಶು ಆಸ್ಪತ್ರೆಯ ಸಾಲಿನಲ್ಲಿ ಮುಂದೊಂದು ಲ್ಯಾಬ್ರಡಾರ್, ಹಿಂದೊಂದು ಜರ್ಮನ್ ಶೆಫರ್ಡ್, ನಡುವೆ ಬುಟ್ಟಿ ಹಿಡಿದ ನಾನು. ಡಾಕ್ಟರು ಬಾಲದ ಕೆಳಗಿನ ಉಬ್ಬು ಒಮ್ಮೆ ಒತ್ತಿ ನೋಡಿ, ‘ಏನೂ ಕಾಯಿಲೆ ಇಲ್ಲ. ಗಂಡು ವಯಸ್ಸಿಗೆ ಬಂದಿದೆ, ಅಷ್ಟೆ’ ಎಂದರು. ಆ ಗ್ರಂಥಿಯಿಂದ ನೊರೆ ಬರುವುದೇ ಆರೋಗ್ಯದ ಲಕ್ಷಣವಂತೆ. ಬುಟ್ಟಿ ಮುಚ್ಚಿಕೊಡುತ್ತಾ ಅಟೆಂಡರ್ ಮೆಲ್ಲಗೆ, ‘ಸಾರ್, ಇದನ್ನ ಯಾವಾಗ...’ ಎಂದ. ಮುಗಿಸಲು ಬಿಡದೆ ಆಟೋ ಹಿಡಿದೆ.

ಇಷ್ಟೆಲ್ಲ ಮಾಡಿದರೂ ಮುದ್ದು ಮಾಡಿಸಿಕೊಳ್ಳುವ ಹಕ್ಕಿಯಲ್ಲ ಇದು. ಕೈ ಚಾಚಿದರೆ ಮೂಲೆ ಸೇರುತ್ತದೆ. ಅದು ಸಂತೋಷವಾಗಿದೆ ಎಂದು ತಿಳಿಯಬೇಕಾದರೆ ಸ್ನಾನದ ಹೊತ್ತಿಗೆ ನೋಡಬೇಕು. ಅಮ್ಮನ ಹಳೆ ಪರಾತದಲ್ಲಿ ಮರಳು, ಬೂದಿ ಬೆರೆಸಿ ಇಟ್ಟರೆ ಗಣಿತದ ಮಿಸ್ ಮೊದಲು ಒಂದು ಸುತ್ತು ಬಂದು, ಕೊಕ್ಕಿನಿಂದ ಎರಡು ಸಲ ಕುಕ್ಕಿ, ದಢಕ್ಕನೆ ಒಂದು ಮಗ್ಗುಲಿಗೆ ಬೀಳುತ್ತದೆ. ಒಂದು ಕಾಲು ನೀಳವಾಗಿ ಚಾಚಿ, ಇನ್ನೊಂದರಿಂದ ಬೂದಿಯನ್ನು ಬೆನ್ನಿಗೆ ಎರಚಿಕೊಂಡು, ಗರಿಯೆಲ್ಲ ಬಿಚ್ಚಿ, ಕಣ್ಣು ಅರೆಮುಚ್ಚಿ, ದೀಪಾವಳಿಗೆ ಮಾವನ ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡ ಹೊಸ ಅಳಿಯನ ಹಾಗೆ ಬಿದ್ದಿರುತ್ತದೆ. ಎದ್ದು ಮೈ ಕೊಡವಿದರೆ ಬೂದಿ ಬಾಗಿಲಿನ ರಂಗೋಲಿಯವರೆಗೂ ಹಾರುತ್ತದೆ. ‘ಅದಕ್ಕೆ ಸ್ನಾನ ಆಯ್ತು, ಇನ್ನು ಮನೆಗೆ ಮಾಡಿಸು’ ಎಂದು ಅಮ್ಮ ನನ್ನ ಕೈಗೆ ಪೊರಕೆ ಕೊಡುತ್ತಾರೆ.

ಆರೇಳು ವಾರ ತುಂಬುತ್ತಲೇ ಮೊಟ್ಟೆ ಶುರು. ಮೂಲೆಯಲ್ಲಿ ಹುಲ್ಲು ಹಾಸಿ ಬುಟ್ಟಿ ಇಟ್ಟಿದ್ದೆವು. ಮೊದಲ ಮೊಟ್ಟೆ ಸಿಕ್ಕಿದ್ದು ನೀರಿನ ತಟ್ಟೆಯಲ್ಲಿ. ನಡೆಯುತ್ತಾ ನಡೆಯುತ್ತಾ ಉದುರಿಸಿ, ಹಿಂದಿರುಗಿ ನೋಡದೆ ಹೋಗುವ ತಾಯಂದಿರು ಇವು. ತಲೆಮಾರುಗಳಿಂದ ಗೂಡಿನಲ್ಲಿ ಬೆಳೆದು ಕಾವಿಗೆ ಕೂರುವ ಅಭ್ಯಾಸವೇ ಹೋಗಿಬಿಟ್ಟಿದೆ. ಮರಿ ಬೇಕಾದರೆ ಇನ್‌ಕ್ಯುಬೇಟರ್, ಹದಿನೇಳು ಹದಿನೆಂಟು ದಿನ. ಮೊಟ್ಟೆ ಹತ್ತು ಗ್ರಾಂ, ಐದು ಸೇರಿದರೆ ಒಂದು ಕೋಳಿಮೊಟ್ಟೆ. ಆದರೆ ಚಂದ! ಕೆನೆಬಣ್ಣದ ಮೇಲೆ ಇಂಕು ಸಿಡಿದ ಹಾಗೆ ಮಚ್ಚೆ, ಅದೂ ಹೆಣ್ಣು ಹೆಣ್ಣಿಗೂ ಬೇರೆ, ದಿನವೂ ಹೆಚ್ಚುಕಡಿಮೆ ಅದೇ. ಯಾರು ಇಟ್ಟದ್ದೆಂದು ಮಗಳು ನೋಡಿದೊಡನೆ ಹೇಳಿ ಪುಸ್ತಕದಲ್ಲಿ ಬರೆಯುತ್ತಾಳೆ. ಗಣಿತದ ಮಿಸ್‌ಗೆ ಹಾಜರಾತಿ ಕಡಿಮೆ.

‘ಫಾರೆಸ್ಟ್‌ನೋರು ಹಿಡ್ಕೊಂಡು ಹೋಗ್ತಾರೆ’ ಎಂದು ಹೆದರಿಸಿದವರಿದ್ದಾರೆ. ಕಾಡಿನ ಗೌಜಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ನಿಜ. ನಮ್ಮವು ಜಪಾನ್ ಮೂಲದ ಸಾಕುತಳಿ. ಬರೇಲಿ ಪಕ್ಕದ ಇಜ್ಜತ್‌ನಗರದ ಸಂಶೋಧಕರು 1974ರಲ್ಲಿ ಅಮೆರಿಕದಿಂದ ತರಿಸಿದ್ದು. 1990ರ ಮಾರ್ಚ್‌ನಲ್ಲಿ ಮಿರ್ ಅಂತರಿಕ್ಷ ನಿಲ್ದಾಣದಲ್ಲಿ ಮೊಟ್ಟೆ ಒಡೆದು ಬಂದ ಮರಿಯೂ ಇದೇ ಜಾತಿ. ಇದನ್ನೆಲ್ಲ ಗ್ಯಾಸಿನವನಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿ, ‘ಹಂಗಾದ್ರೆ ಜೋಡಿ ರೇಟು ಜಾಸ್ತಿನೇ ಇರ್ಬೇಕು’ ಎಂದ.

ಎದುರುಮನೆ ರಾಯರು ಗಂಡಿನ ಕೂಗಿನ ಬಗ್ಗೆ ಜಗಳಕ್ಕೆ ಬಂದೇ ಬರುತ್ತಾರೆಂದು ಕಾದಿದ್ದೆ. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆ ಅವರದು. ಬಂದರು, ಕತ್ತಲಾದ ಮೇಲೆ, ವಾಕಿಂಗ್ ನೆಪದಲ್ಲಿ. ‘ಕೂಗಿಕೊಳ್ಳಲಿ ಬಿಡಿ, ಪಾಪ. ಇದರ ಮೊಟ್ಟೆ ಉಬ್ಬಸಕ್ಕೆ ಒಳ್ಳೇದಂತಲ್ಲ?’ ಹಾಗಂತ ಯಾವ ಡಾಕ್ಟರೂ ನನಗೆ ಹೇಳಿಲ್ಲ. ಅದನ್ನೇ ಹೇಳಿದೆ. ‘ಔಷಧ ಅಂದಮೇಲೆ ದೋಷ ಇಲ್ಲ’ ಎಂದು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟು, ಕನ್ನಡಕದ ಡಬ್ಬಿ ತೆರೆದು ಎರಡು ಮೊಟ್ಟೆ ಇಟ್ಟುಕೊಂಡು ಹೋದರು. ಡಬ್ಬಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಅಂದಿನಿಂದ ಅವರ ವಾಕಿಂಗ್ ತಪ್ಪಿಲ್ಲ.

ಮೊನ್ನೆ ಅವರ ಮನೆಯವರೇ ಬಂದರು, ಕೈಯಲ್ಲಿ ಅದೇ ಕನ್ನಡಕದ ಡಬ್ಬಿ.

‘ನಮ್ಮೋರು ದಿನಾ ಇಲ್ಲಿಂದ ಏನೋ ಔಷಧ ತಗೊಂಡು ಹೋಗ್ತಾರಂತೆ?’

‘ಅದೇ... ಉಬ್ಬಸಕ್ಕೆ ಅಂತ...’ ಎಂದು ಅಮ್ಮ ರಾಗ ಎಳೆದರು.

‘ಉಬ್ಬಸ ಇರೋದು ಅವರಿಗಲ್ಲ ಕಣ್ರೀ, ನನಗೆ’ ಎಂದು ಅವರು ಸೆರಗಿನ ಮರೆಯಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದರು. ಹನ್ನೆರಡಾದರೂ ಹಿಡಿಸುವಷ್ಟು ದೊಡ್ಡದಿತ್ತು.