ಅರ್ಧ ಅಡಿ ಮೇಲಿಂದ: ಲಿಫ್ಟ್ ಆದ ಪಿಕಪ್ ಜೊತೆ ಮಾತುಕತೆ

ನಂಜನಗೂಡಿನಲ್ಲಿ ಇಷ್ಟು ದಿನ ಎತ್ತರದ ಗಾಡಿ ಎಂದರೆ ಶ್ರೀಕಂಠೇಶ್ವರನ ತೇರು. ಅದು ದೊಡ್ಡ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಹೊರಡುತ್ತದೆ, ಜನ ಎಳೆದಷ್ಟೇ ವೇಗ, ಗಾಲಿಗೆ ಮರದ ತುಂಡು ಕೊಟ್ಟು ದಾರಿ ತಿದ್ದುವವರು ಪಕ್ಕದಲ್ಲೇ ಇರುತ್ತಾರೆ. ಈ ಮೂರು ಕಟ್ಟುಪಾಡೂ ಇಲ್ಲದೆ ತೇರಾಗಲು ಹೊರಟಿರುವುದು ಪಿಕಪ್ ಗಾಡಿ. ಹಿಂದೆ ಆಕ್ಸಲ್‌ಗೂ ಪ್ಲೇಟ್ ಸೆಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್, ಮುಂದೆಯೂ ಅದೇ ಶಾಸ್ತ್ರ, ನಾಲ್ಕೂ ಕಡೆ ಮಡ್‌ಗಾರ್ಡ್ ದಾಟಿ ಹೊರಚಾಚಿದ ದಪ್ಪ ಟಯರ್. ಎ.ಪಿ.ಎಂ.ಸಿ. ಯಾರ್ಡಿನ ಹುಣಸೆಮರದ ನೆರಳಲ್ಲಿ ನಿಂತಿದ್ದ ಅಂಥದೊಂದು ಗಾಡಿ, ಬಾನೆಟ್ ಇಳಿಸದೆಯೇ, ಸಂದರ್ಶನಕ್ಕೆ ಒಪ್ಪಿತು ಎಂದು ಇಟ್ಟುಕೊಳ್ಳೋಣ.

ನಾವು: ಕಂಪನಿ ಕೊಟ್ಟ ಎತ್ತರ ಸಾಲದೇ ಹೋಯಿತೇ?

ಪಿಕಪ್: ರಸ್ತೆ ನೋಡಿದ್ದೀರಾ ಸ್ವಾಮಿ? ಹೈವೇ ಬಿಟ್ಟು ನಾಲೆ ಏರಿ ಮೇಲೆ ಇಳಿದ್ರೆ ಗುಂಡಿ, ಗದ್ದೆ ದಾರೀಲಿ ಕೆಸರು, ಊರೂರಿನ ಬಾಗಿಲಿಗೂ ಒಂದೊಂದು ಹಂಪು. ತಳ ಉಜ್ಜುಸ್ಕೊಂಡೇ ಬದುಕಬೇಕಾ?

ನಾವು: ರಸ್ತೆಯ ಮಾತು ಒಪ್ಪಿದೆವು. ಆದರೆ ನಿಮ್ಮ ತಳಕ್ಕೆ ಒಮ್ಮೆ ಟೇಪ್ ಹಿಡಿದು ನೋಡೋಣ. ಗಾಡಿಯಲ್ಲಿ ನೆಲಕ್ಕೆ ತೀರ ಹತ್ತಿರ ಇರುವುದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು. ಕಲ್ಲು ಬಡಿಯುವುದು ಅದಕ್ಕೆ. ಆಕ್ಸಲ್ ಮೇಲೆ ಎಷ್ಟು ಬ್ಲಾಕ್ ಪೇರಿಸಿದರೂ ಆ ಗುಂಡು ಇದ್ದಲ್ಲೇ ಇರುತ್ತದೆ, ಏಳುವುದು ಮೇಲಿನ ಬಾಡಿ ಮಾತ್ರ. ಗುಂಡನ್ನು ಎತ್ತುವುದು ಟಯರ್ ಒಂದೇ, ಅದೂ ಹೆಚ್ಚಿಸಿದ ವ್ಯಾಸದ ಅರ್ಧದಷ್ಟು. 700 ಮಿ.ಮೀ. ವ್ಯಾಸದ ಟಯರ್ ಬಿಚ್ಚಿ 770 ಮಿ.ಮೀ.ನದು ಹಾಕಿದರೆ ಆಕ್ಸಲ್‌ಗೆ ದಕ್ಕಿದ್ದು 35 ಮಿ.ಮೀ., ಒಂದೂವರೆ ಅಂಗುಲವೂ ಇಲ್ಲ. ಬ್ಲಾಕಿನ ನಾಲ್ಕೂವರೆ ಅಂಗುಲ ಸೇರಿಸಿ ಸೀಟು ಅರ್ಧ ಅಡಿ ಮೇಲೇರಿತು. ಕೆಸರಿಗೆ ಒಂದೂವರೆ ಅಂಗುಲ, ನೋಡುವವರಿಗೆ ಅರ್ಧ ಅಡಿ.

ಪಿಕಪ್: ಒಂದೂವರೆ ಅಂಗುಲ ಆದ್ರೂ ಸಿಕ್ತಲ್ಲ. ಪುಕ್ಕಟೆ ಬಂದದ್ದು ಬರಲಿ.

ನಾವು: ಪುಕ್ಕಟೆ ಬಂದಿಲ್ಲ. ಟಯರ್ ಶೇ. 10ರಷ್ಟು ದೊಡ್ಡದಾದರೆ ಮೀಟರು 60 ತೋರಿಸುವಾಗ ನೀವು ಓಡುತ್ತಿರುವುದು 66ರಲ್ಲಿ. ಎತ್ತಿನಗಾಡಿ, ಕಬ್ಬಿನ ಟ್ರ್ಯಾಕ್ಟರು, ರಸ್ತೆಯಲ್ಲೇ ಹುರುಳಿ ಒಕ್ಕಣೆ, ಎಲ್ಲವನ್ನೂ ಕಾಣುವ ಈ ಕಡೆಯ ರಸ್ತೆಗಳಲ್ಲಿ ಆ ಆರು ಕಿಲೋಮೀಟರು ಸಣ್ಣದಲ್ಲ. ಎಂಜಿನ್ ಹಳೆಯದೇ, ಚಕ್ರ ದೊಡ್ಡದು, ಹಾಗಾಗಿ ಎಳೆತ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಬ್ರೇಕ್ ಪೆಡಲನ್ನು ಅಷ್ಟೇ ಒತ್ತಿದರೆ ನೆಲದ ಮೇಲೆ ಸಿಗುವ ಹಿಡಿತವೂ ಅಷ್ಟೇ ಕಡಿಮೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಸವೆಯುತ್ತದೆ. ಇನ್ನೊಂದು ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ಇರುವ ಅಂತರ ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಲೋಡು ಬಿದ್ದರೆ ಚಾಸಿ ತಗ್ಗುತ್ತದೆ, ಒತ್ತಡ ಏರುತ್ತದೆ. ನಡುವೆ ಬ್ಲಾಕ್ ತುರುಕಿ, ವಾಲ್ವಿನ ಕಡ್ಡಿ ಸರಿಹೊಂದಿಸದೆ ಬಿಟ್ಟರೆ ಅಂತರ ಯಾವತ್ತೂ ಜಾಸ್ತಿಯೇ. ಮೂವತ್ತು ಮೂಟೆ ಹೊತ್ತಿದ್ದರೂ ಗಾಡಿ ಖಾಲಿ ಇದೆ ಅಂತಲೇ ಆ ವಾಲ್ವಿನ ನಂಬಿಕೆ. ಇಷ್ಟು ಸಾಲದು ಎಂಬಂತೆ ನಿಮ್ಮ ಹೆಡ್‌ಲೈಟೂ ಮೇಲೇರಿ, ಎದುರಿನ ಬೈಕಿನವನ ಕಣ್ಣಿಗೆ ನೇರ ಹೊಡೆಯುತ್ತದೆ.

ಪಿಕಪ್: ನಮ್ಮ ತಾತ ಎತ್ತಿನಗಾಡಿ. ಅವರ ಚಕ್ರ ಆಳೆತ್ತರ ಇತ್ತಲ್ಲ? ಅವರನ್ನ ಯಾರೂ ಕೇಳ್ಲಿಲ್ಲ.

ನಾವು: ಇದುವರೆಗೆ ನೀವು ಆಡಿದ್ದರಲ್ಲಿ ಗಟ್ಟಿಯಾದ ಮಾತು ಇದೇ. ಕೆಸರು ನೆಲಕ್ಕೆ ದೊಡ್ಡ ಚಕ್ರ ಒಳ್ಳೆಯದೆಂದು ಗಾಡಿ ಮಾಡುತ್ತಿದ್ದ ಬಡಗಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನು ಚಕ್ರವೊಂದನ್ನೇ ದೊಡ್ಡದು ಮಾಡಲಿಲ್ಲ. ನೊಗ, ಮೂಕಿ, ಅಚ್ಚು ಎಲ್ಲವನ್ನೂ ಆ ಚಕ್ರದ ಲೆಕ್ಕಕ್ಕೇ ಕೂಡಿಸಿದ. ಎತ್ತು ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುತ್ತಿತ್ತು. ಟ್ರ್ಯಾಕ್ಟರಿನ ಹಿಂದಿನ ಗಾಲಿಯೂ ದೊಡ್ಡದೇ, ಅದರ ಗೇರು, ಬ್ರೇಕು ಆ ಗಾಲಿಗೆಂದೇ ಹುಟ್ಟಿದವು, ಹೊರೆಯನ್ನು ಹಿಂದಿನ ಟ್ರೈಲರ್ ಹೊರುತ್ತದೆ. ನೀವು ತಾತನ ಚಕ್ರ ಮಾತ್ರ ಎರವಲು ತಂದಿರಿ, ಅವರ ನಡಿಗೆ ತರಲಿಲ್ಲ.

ಪಿಕಪ್: ಪ್ರವಾಹ? ಕಪಿಲೆ ಉಕ್ಕಿದಾಗ ಎತ್ತರದ ಗಾಡೀನೇ ಬೇಕು.

ನಾವು: ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟು ಇಲ್ಲೇ ಮಲ್ಲನಮೂಲೆ ಬಳಿ ಹೆದ್ದಾರಿ ಮುಳುಗಿದಾಗ, 2019ರ ಆಗಸ್ಟಿನಲ್ಲಿ ಆದಂತೆ, ಬ್ಯಾರಿಕೇಡ್ ಹಾಕುವುದು ಎಲ್ಲರಿಗೂ ಸೇರಿ. ಟೇಪ್ ಹಿಡಿದು ನಿಮ್ಮನ್ನು ಬಿಡುವುದಿಲ್ಲ. ಅದಿರಲಿ, ನೀವು ದುಡಿಯುವ ಗಾಡಿ, ಹಳದಿ ಬೋರ್ಡು. ನಿಮ್ಮ ಎತ್ತರವನ್ನು ದಿನವೂ ಅಳೆಯುವವರು ಬೇರೆ ಇದ್ದಾರೆ. ಐವತ್ತು ಕೆ.ಜಿ.ಯ ಭತ್ತದ ಮೂಟೆ, ಅಂಥವು ಮೂವತ್ತು, ಒಟ್ಟು ಒಂದೂವರೆ ಟನ್. ಅಷ್ಟನ್ನೂ ಪ್ರತಿ ಲೋಡಿಗೆ ಅರ್ಧ ಅಡಿ ಹೆಚ್ಚಿಗೆ ಎತ್ತುವುದು ಹಮಾಲಿಯ ಭುಜ. ಮೊದಲು ಸೊಂಟದ ಮಟ್ಟಕ್ಕಿದ್ದ ಹಿಂದಿನ ಡೋರು ಈಗ ಎದೆಗೆ ಬಂದಿದೆ. ಕೆಳಗೆ ಹಾಲಿನ ಕ್ರೇಟ್ ಬೋರಲು ಹಾಕಿ, ಅದರ ಮೇಲೆ ಒಂದು ಕಾಲಿಟ್ಟು, ಬೆನ್ನ ಮೇಲಿನ ಮೂಟೆಯನ್ನು ಒಳಗೆ ಜಾರಿಸುತ್ತಾರೆ. ಕ್ರೇಟ್ ಬಿರುಕು ಬಿಟ್ಟಿದೆ. ಮೂಟೆಗಿಷ್ಟು ಎಂದು ಕೊಡುವ ಕೂಲಿ ಮಾತ್ರ ಅರ್ಧ ಅಡಿ ಏರಿಲ್ಲ. ನೇಂದ್ರ ಬಾಳೆಗೊನೆ ತುಂಬುವವರ ಕಥೆಯೂ ಇದೇ. ನಿಮ್ಮ ಎತ್ತರದ ಬಾಡಿಗೆಯನ್ನು ಕಟ್ಟುತ್ತಿರುವವರು ಇವರು. ನಿಮ್ಮ ಓನರು ಬ್ಲಾಕಿನ ದುಡ್ಡು ಕೊಟ್ಟಿದ್ದು ಒಂದೇ ಸಲ.

ಪಿಕಪ್: (ಸ್ವಲ್ಪ ಹೊತ್ತು ಇಂಡಿಕೇಟರ್ ಹಾಕಿ) ಓನರ್ ದುಡ್ಡು, ಓನರ್ ಗಾಡಿ. ಆಸೆ ಪಡೋದೂ ತಪ್ಪಾ?

ನಾವು: ಆಸೆಗೆ ಯಾರ ತಕರಾರೂ ಇಲ್ಲ. ಸ್ವಂತ ಜಮೀನಿನೊಳಗೆ ತೇರೇ ಕಟ್ಟಿಕೊಳ್ಳಲಿ. ರಸ್ತೆ ಎಲ್ಲರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಇಟ್ಟಿತು. ಕಾನೂನು ಬದಲಾವಣೆಯನ್ನೇ ಒಲ್ಲದ ಮಡಿವಂತನೂ ಅಲ್ಲ. ಗ್ಯಾಸ್ ಕಿಟ್‌ಗೆ ದಾರಿ ಇದೆ, ಅಂಗವಿಕಲರು ತಮಗೆ ಬೇಕಾದಂತೆ ಗಾಡಿ ಮಾರ್ಪಡಿಸಿಕೊಳ್ಳಲೂ ದಾರಿ ಇದೆ. ಅಲ್ಲೆಲ್ಲ ಅಗತ್ಯ ಇಂಥದು ಎಂದು ಹೇಳಬಹುದು, ತೋರಿಸಬಹುದು. ನೀವು ಅರ್ಜಿಯಲ್ಲಿ ಏನೆಂದು ಬರೆಯುತ್ತೀರಿ?

ಪಿಕಪ್: ರೀಲ್ಸ್‌ನಲ್ಲಿ ಚೆನ್ನಾಗಿ ಕಾಣ್ತೀನಿ ಅಂತ.

ನಾವು: ಮತ್ತೆ ಎಫ್.ಸಿ. ಹೇಗೆ ಮಾಡಿಸುತ್ತೀರಿ?

ಪಿಕಪ್: ಬರೋ ಸೋಮವಾರವೇ ಅದೆ ಸ್ವಾಮಿ. ಭಾನುವಾರ ರಾತ್ರಿ ಬ್ಲಾಕ್ ಬಿಚ್ಚಿ ಹಳೇ ಟಯರ್ ಹಾಕ್ತಾರೆ, ಮಂಗಳವಾರ ಮತ್ತೆ ಏರಿಸ್ತಾರೆ. ಸೋಮವಾರ ಮಧ್ಯಾಹ್ನ ಗಾಡಿ ತಗ್ಗಿರೋವಾಗ್ಲೇ ಎರಡು ಲೋಡ್ ಹಾಕ್ಬುಡೋಣ ಅಂತ ಹಮಾಲಿಗಳು ಈಗ್ಲೇ ಹೇಳ್ಕೊಂಡವ್ರೆ.