ಲ್ಯಾಪ್‌ಟಾಪ್ ಕೊಳ್ಳುವ ಕೈಪಿಡಿ: ತೂಬಗೆರೆ ಆವೃತ್ತಿ

ಬಳಸುವ ಮುನ್ನ ಪೂರ್ತಿ ಓದಿ. ಓದದಿದ್ದರೂ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆ ಮಾತು ಬೇರೆ. ನಮ್ಮ ಮನೆಗೆ ಬಂದ ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ ಹಂಗೇರಿಯನ್ ಇತ್ತು, ಕನ್ನಡ ಇರಲಿಲ್ಲ. ಹಾಗಾಗಿ ಇದು. ದೊಡ್ಡಬಳ್ಳಾಪುರ ತಾಲ್ಲೂಕು ತೂಬಗೆರೆ ಹೋಬಳಿಯಲ್ಲಿದ್ದು, ಮಗಳು ಬಿ.ಕಾಂ. ಸೇರಿದಳೆಂದು ಹಸು ಮಾರಿದ ದುಡ್ಡು ಜೇಬಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟವರಿಗಾಗಿ ಬರೆದದ್ದು.

ಹಂತ 1. ತೂಬು ಯಾರ ಕೈಲಿದೆ ನೋಡಿ.

ನಮ್ಮೂರಿನ ಹೆಸರಲ್ಲೇ ತೂಬೂ ಇದೆ, ಕೆರೆಯೂ ಇದೆ. ಇಲ್ಲಿಯವರಿಗೆ ತೂಬಿನ ಮಾತನ್ನು ಎರಡು ಸಲ ಹೇಳಬೇಕಿಲ್ಲ. ಕೆರೆ ಕೆಳಗಿನ ಗದ್ದೆಯವರು ನೀರಿನ ಪಾಲಿಗೆ ಎಷ್ಟೇ ಬಡಿದಾಡಲಿ, ತೂಬು ಎತ್ತುವವನು ನೀರುಗಂಟಿ. ಕಂಪ್ಯೂಟರ್ ಪೇಟೆಯಲ್ಲೂ ಹಾಗೇ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಆತುರಾತುರವಾಗಿ ಪೇಟೆಗೆ ಬಿಡುವಾಗ ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ತಂದು ಜೋಡಿಸಿತು. ಕೆರೆ ಕಟ್ಟಿಸಿದವರೇ ತೂಬಿನ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟಂತಾಯಿತು. ಮರುವರ್ಷ ಹುಟ್ಟಿದ ಕಾಂಪ್ಯಾಕ್, ಐಬಿಎಂನದೇ ಆಗಿದ್ದ, ಯಂತ್ರವನ್ನು ಎಬ್ಬಿಸುವ ಬಯೋಸ್ ತಂತ್ರಾಂಶ ಒಂದನ್ನು ನಕಲು ಎನ್ನಿಸದ ಹಾಗೆ ಹೊಸದಾಗಿ ಬರೆಸಿಕೊಂಡು, ಉಳಿದದ್ದಕ್ಕೆ ಅದೇ ತೂಬಿನ ಮುಂದೆ ನಿಂತಿತು.

ಅಲ್ಲಿಂದ ಗದ್ದೆಗಳು ಕೈ ಬದಲಾಯಿಸುತ್ತಲೇ ಇವೆ. ಪಿಸಿ ಮಾರಾಟದಲ್ಲಿ ಕಾಂಪ್ಯಾಕ್ ಐಬಿಎಂ ದಾಟಿತು, ಡೆಲ್ ಕಾಂಪ್ಯಾಕ್ ದಾಟಿತು, 2002ರಲ್ಲಿ ಎಚ್‌ಪಿ ಆ ಕಾಂಪ್ಯಾಕನ್ನೇ ಕೊಂಡಿತು. 2005ರಲ್ಲಿ ಐಬಿಎಂ ತನ್ನ ಪಿಸಿ ವ್ಯವಹಾರವನ್ನು ಚೀನಾದ ಲೆನೊವೊಗೆ ಮಾರಿ ಕೈ ತೊಳೆದುಕೊಂಡಿತು. ಡೆಲ್‌ನ ಮೊದಲ ಸ್ಥಾನವನ್ನು 2006ರಲ್ಲಿ ಎಚ್‌ಪಿ ಕಿತ್ತುಕೊಂಡರೆ, ಎಚ್‌ಪಿಯದನ್ನು 2013ರಲ್ಲಿ ಲೆನೊವೊ ಕಿತ್ತುಕೊಂಡಿತು. ಇಷ್ಟು ಬಡಿದಾಡಿ ಎಚ್‌ಪಿಯ ಕಂಪ್ಯೂಟರ್ ವಿಭಾಗಕ್ಕೆ ನೂರು ರೂಪಾಯಿ ವ್ಯಾಪಾರದಲ್ಲಿ ಉಳಿಯುವುದು ಐದೋ ಆರೋ ರೂಪಾಯಿ. ಮೈಕ್ರೋಸಾಫ್ಟ್ ತನ್ನ ನೂರು ರೂಪಾಯಿಯಲ್ಲಿ ನಲವತ್ತಕ್ಕೂ ಹೆಚ್ಚು ಉಳಿಸಿಕೊಳ್ಳುತ್ತದೆ.

ನಮ್ಮವರೂ ಈ ಗದ್ದೆ ಉತ್ತಿದ್ದಾರೆ. ವನಸ್ಪತಿ ಎಣ್ಣೆ ಮಾಡುತ್ತಿದ್ದ ವಿಪ್ರೊ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಕೂತು ಕಂಪ್ಯೂಟರಿಗಿಳಿಯಿತು. ತನ್ನ ಹೆಸರಿನ ಪಿಸಿ ಮಾಡುವುದನ್ನು 2013ರಲ್ಲಿ ನಿಲ್ಲಿಸಿತು. ಸಾಫ್ಟ್‌ವೇರಿನ ಉಳಿತಾಯ ಕಂಡವರು ಅಷ್ಟು ವರ್ಷ ತಡೆದದ್ದೇ ಹೆಚ್ಚು.

(ಈಚೆಗೆ ತೂಬೂ ಸೋರುತ್ತಿದೆ. 2020ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಗೆ ತನ್ನದೇ ಚಿಪ್ ಹಾಕಿಕೊಂಡಿತು, ಎಎಂಡಿ ಪಕ್ಕದಲ್ಲೇ ಇನ್ನೊಂದು ತೂಬು ತೋಡಿದೆ. ಇಂಟೆಲ್‌ನ ನೀರುಗಂಟಿಕೆ ಮೊದಲಿನಂತಿಲ್ಲ.)

ಹಂತ 2. 'ನಂಬರ್ ಒನ್' ಬೋರ್ಡು ಕಂಡರೆ ಗಾಬರಿಯಾಗಬೇಡಿ.

ಐಡಿಸಿ, ಗಾರ್ಟ್‌ನರ್ ಎಂಬ ಎರಡು ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಯಾರ ಪಾಲು ಎಷ್ಟೆಂದು ಹೇಳುತ್ತವೆ. ಅವರು ಎಣಿಸುವುದು ಮುಖ್ಯವಾಗಿ ಕಂಪನಿಯಿಂದ ಹೊರಟು ವಿತರಕರ ಕಡೆ ಹೋದ ಪೆಟ್ಟಿಗೆಗಳನ್ನು. ಕಾಲುವೆಯಲ್ಲಿ ಹರಿದ ನೀರಿನ ಅಳತೆ ಅದು, ಗದ್ದೆಗೆ ಮುಟ್ಟಿದ್ದರದ್ದಲ್ಲ. ಗೋಡೌನಿನಲ್ಲಿ ದೂಳು ತಿನ್ನುತ್ತಿರುವ ಪೆಟ್ಟಿಗೆಯೂ ಪಾಲಿನ ಲೆಕ್ಕಕ್ಕೆ ಬರುತ್ತದೆ. ಕೊರೊನಾ ಕಾಲದಲ್ಲಿ ಪಾಠವೆಲ್ಲ ಮನೆಗೇ ಬಂದು, 2021ರಲ್ಲಿ ಐಡಿಸಿ ಲೆಕ್ಕದ ಪ್ರಕಾರ ಲೋಕಕ್ಕೆಲ್ಲ ಸೇರಿ ಸುಮಾರು 35 ಕೋಟಿ ಪಿಸಿ ಹೊರಟವು. 2023ಕ್ಕೆ ಅದು ಸುಮಾರು 26 ಕೋಟಿಗೆ ಇಳಿಯಿತು, ಗೋಡೌನು ತುಂಬಿತ್ತಲ್ಲ.

ಇಬ್ಬರ ಲೆಕ್ಕವೂ ಒಂದೇ ಎಂದುಕೊಳ್ಳಬೇಡಿ. 2012ರ ಮೂರನೇ ತ್ರೈಮಾಸಿಕದಲ್ಲಿ ಗಾರ್ಟ್‌ನರ್ ಲೆನೊವೊ ಮೊದಲೆಂದಿತು, ಐಡಿಸಿ ಎಚ್‌ಪಿಯೇ ಮೊದಲೆಂದಿತು. ವರ್ಕ್‌ಸ್ಟೇಷನ್ನುಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎನ್ನುವುದೇ ತಕರಾರು. ಇನ್ನು ಸರ್ಕಾರಿ ಟೆಂಡರ್: ಉತ್ತರ ಪ್ರದೇಶ ವಿದ್ಯಾರ್ಥಿಗಳಿಗೆ ಹಂಚಲು ಎಚ್‌ಪಿಯಿಂದ 15 ಲಕ್ಷ ಲ್ಯಾಪ್‌ಟಾಪ್ ಕೊಂಡಿತು. ಅಂಥದ್ದೊಂದು ಸಹಿ ಬಿದ್ದರೆ ಇಡೀ ದೇಶದ ಪಟ್ಟಿ ಮೇಲೆ ಕೆಳಗಾಗುತ್ತದೆ. ಅದರಲ್ಲಿ ನಿಮ್ಮ ಮಗಳ ಕೀಲಿಮಣೆ ಒಳ್ಳೆಯದೋ ಕೆಟ್ಟದ್ದೋ ಎಂಬುದರ ಸುದ್ದಿಯೇ ಇರುವುದಿಲ್ಲ.

ಹಂತ 3. ಹಲ್ಲು ನೋಡಿ.

ಘಾಟಿಯ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡಿದವರು ಅಂಗಡಿಯಲ್ಲಿ ಮುಚ್ಚಳದ ಬಣ್ಣ ನೋಡಿ ಬರುತ್ತಾರೆ. ನಾನೂ ಹಾಗೇ ಬಂದೆ. ಎರಡನೇ ವರ್ಷಕ್ಕೆ ಪರದೆಯ ಕೀಲು ಬಾಯಿಬಿಟ್ಟಿತು. ಸರ್ವಿಸ್ ಸೆಂಟರಿನಾತ ಅದನ್ನು ತಿರುಗಿಸಿ ನೋಡಿ, 'ಬಿದ್ದಿದೆ' ಎಂದ. ಬಿದ್ದಿರಲಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ, ಕೊಂಡವನು ನಾನೇ.

ಕೊನೆಗೆ ದೊಡ್ಡಬಳ್ಳಾಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಹೋದೆ. ಅವನ ಮೇಜಿನ ಮೇಲೆ ಆಗಲೇ ಇನ್ನೊಂದು ಕಂಪನಿಯ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ನನ್ನದನ್ನೂ ಪಕ್ಕದಲ್ಲಿ ಬಿಚ್ಚಿದ. ಸಣ್ಣ ಸ್ಕ್ರೂಗಳನ್ನು ಅಯಸ್ಕಾಂತದ ಮೇಲೆ ಸಾಲಾಗಿ ಅಂಟಿಸಿ, ಎರಡರ ರ‍್ಯಾಮನ್ನೂ ಕಿತ್ತು ನನ್ನ ಅಂಗೈಯಲ್ಲಿಟ್ಟ. ಒಂದೇ ಕಂಪನಿಯ ಚೀಟಿ, ಒಂದೇ ಅಳತೆ. ಪರದೆಯ ಹಿಂದೆಯೂ ಒಬ್ಬನದೇ ಮುದ್ರೆ. 'ನೋಡಿ ಸಾರ್, ಎರಡು ಮದುವೆಮನೆ, ಒಬ್ಬನೇ ಅಡುಗೆಭಟ್ಟ' ಎಂದು, ಮುಗ್ಗಲು ಹಿಡಿದ ಫ್ಯಾನಿನ ದೂಳನ್ನು ಬಾಯಲ್ಲೇ ಊದಿದ.

ಅಡುಗೆಭಟ್ಟರು ಹೆಚ್ಚಾಗಿ ತೈವಾನಿನವರು: ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್. ಪೇಟೆಯಲ್ಲಿ ಹಾವು ಮುಂಗುಸಿಯಂತಿರುವ ಬ್ರ್ಯಾಂಡುಗಳು ಇವರ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಸಾಲಿನಲ್ಲಿರುತ್ತವೆ. ವಿಸ್ಟ್ರಾನ್ ಅಂತೂ ಏಸರ್ ಮನೆಯಿಂದಲೇ ಬೇರೆಯಾಗಿ ಹೋದದ್ದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ಅದರ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ನಮ್ಮ ಪಕ್ಕದ ದೇವನಹಳ್ಳಿ ಕಡೆಗೂ ಅಂಥದೇ ಇನ್ನೊಬ್ಬ ಭಟ್ಟ, ಫಾಕ್ಸ್‌ಕಾನ್, ಬಂದಿದೆ. ಬ್ರ್ಯಾಂಡು ನೋಡಲು ಎಸ್.ಪಿ. ರಸ್ತೆಗೆ ಹೋಗಬೇಕು, ಅಡುಗೆಮನೆ ನೋಡಲು ಅಷ್ಟು ದೂರ ಬೇಕಿಲ್ಲ.

ಹಂತ 4 ಮತ್ತು 5. ಚೌಕಾಸಿ, ಕೀಲಿಮಣೆ.

ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಇಲ್ಲಿ ಕ್ಯಾಶ್‌ಬ್ಯಾಕ್, ಎಕ್ಸ್‌ಚೇಂಜ್, ನೋ ಕಾಸ್ಟ್ ಇಎಂಐ ಎಂಬ ಮೂರು ಟವೆಲ್ ಹೊದಿಸುತ್ತಾರೆ. ಬ್ಯಾಗು ಫ್ರೀ ಎಂದರೆ ಬೇಡ ಎನ್ನಿ, ಇನ್ನೊಂದು ವರ್ಷದ ವಾರಂಟಿ ಕೇಳಿ. ಬ್ಯಾಗನ್ನೇ ಕೊಡುತ್ತಾರೆ. ಕೀಲಿಮಣೆಯಲ್ಲಿ ಕನ್ನಡ ಅಕ್ಷರ ಹುಡುಕಬೇಡಿ: ಶೇಕಡಾ ಅರ್ಧ ಪಾಲಿಗೆ ಜಗಳವಾಡುವವರ ಪೈಕಿ ಅದನ್ನು ಅಚ್ಚು ಹಾಕಿದವರನ್ನು ನಾನು ಕಂಡಿಲ್ಲ. ಕನ್ನಡ ಟೈಪಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬೆರಳಿಗೆ ಕಲಿಸಿ. ಇಂಗ್ಲಿಷಿನ 'ಕೆ' ಒತ್ತಿದರೆ 'ಕ' ಬರುತ್ತದೆ, ಉಳಿದದ್ದು ವಾರದಲ್ಲಿ ಬರುತ್ತದೆ.

ಹಂತ 6. ಪೆಟ್ಟಿಗೆ ಎಸೆಯಬೇಡಿ.

ವಾರಂಟಿ ಮುಗಿಯುವವರೆಗೆ ಇಟ್ಟಿರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಅಟ್ಟ ಹತ್ತಲಿಲ್ಲ. ಮಡಿಚುವ ರಟ್ಟು, ಒಳಗೆ ಲ್ಯಾಪ್‌ಟಾಪಿನ ಆಕಾರದ ಗೂಡು, ಇಲಿ ಹೋಗದಷ್ಟು ಬಿಗಿ. ಅಪ್ಪ ಅದರಲ್ಲಿ ಜಮೀನಿನ ಕಾಗದ ಇಟ್ಟಿದ್ದಾನೆ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ಹೋಗಿ ಅಚ್ಚಿನದು ಬಂತು, ಅದೇ ಕಂತೆ. ಮೊನ್ನೆ ಒಂದು ಹಾಳೆ ಹೊರಗೆಳೆದು, ಇದು ಯಾವ ಕಂಪನಿ ಕಂಪ್ಯೂಟರಿನದಪ್ಪ ಎಂದು ಕೇಳಿದೆ. ಕನ್ನಡಕ ಏರಿಸಿ ಸೀಲು ನೋಡಿದ.

'ನಾಡಕಚೇರಿದು,' ಎಂದ.