ಕಟಗಿ ಇಂಜಿನಿಯರ್ ಸಾಹೇಬರು

ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಹುಬ್ಬಳ್ಳಿಯ ವಿದ್ಯಾನಗರ, ನಡುವೆ ನವನಗರ. ಈ ಭಾಗದ ಯಾವ ಓಣಿಗೆ ಹೋದರೂ ಒಬ್ಬರಾದರೂ ಕಟಗಿ ಇಂಜಿನಿಯರ್ ಸಾಹೇಬರು ಸಿಗುತ್ತಾರೆ. ಇವರು ಇಂಜಿನಿಯರಿಂಗ್ ಓದಿದವರಲ್ಲ. ಬ್ಯಾಂಕಿನಲ್ಲೋ, ವಿಮಾ ಕಚೇರಿಯಲ್ಲೋ, ನೀರಾವರಿ ಇಲಾಖೆಯಲ್ಲೋ ಆಯುಷ್ಯವೆಲ್ಲ ಸಹಿ ಹಾಕಿ, ಶಾಲು ಹೊದೆಸಿಕೊಂಡು, ಗೋಡೆ ಗಡಿಯಾರವೊಂದನ್ನು ಕಾಣಿಕೆಯಾಗಿ ಪಡೆದು ಮನೆಗೆ ಬಂದವರು. ಆ ಗಡಿಯಾರವನ್ನು ಗೋಡೆಗೆ ತೂಗುಹಾಕಲು ಮೊಳೆ ಹೊಡೆಯಬೇಕಾದಾಗ ಬಡಿಗ್ಯಾರನ್ನು ಕರೆಸಿದವರೂ ಇವರೇ. ಇಂಥವರ ಕೈಗೆ ಒಂದು ದಿನ ನ್ಯೂಜೆರ್ಸಿಯ ಮಗ ರಜೆಗೆ ಬಂದಾಗ ಒಂದು ಡಬ್ಬಿ ಕೊಡುತ್ತಾನೆ. ‘ಪಪ್ಪಾ, ಟೈಂಪಾಸ್ ಆಗ್ತದ, ಮಾಡ್ರಿ’ ಅಂತಾನೆ. ಅವನೇನೋ ವಿಮಾನ ಹತ್ತಿ ಹೋಗುತ್ತಾನೆ. ಉಳಿದದ್ದನ್ನು ಅನುಭವಿಸುವವರು ಮನೆಯವರು, ನೆರೆಯವರು ಮತ್ತು ಪೇಪರ್ ಬಿಲ್ಲಿಗೆಂದು ಬಂದ ಹುಡುಗ.

ಡಬ್ಬಿಯಲ್ಲಿ ಇರುವುದು ಪ್ಲೈವುಡ್ಡಿನ ಹಾಳೆಗಳು. ಲೇಸರಿನಿಂದ ಕೊರೆದ ಗಾಲಿ, ಹಲ್ಲಿನ ಚಕ್ರ, ಸನ್ನೆ, ಕೊಂಡಿಗಳು. ಮೊಳೆ ಇಲ್ಲ, ಅಂಟು ಇಲ್ಲ, ಬ್ಯಾಟರಿ ಇಲ್ಲ. ಬಿಡಿಸಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ತಿರುವಿದರೆ ರೈಲು ಇಂಜಿನ್ನು ಓಡಬೇಕು, ಗಡಿಯಾರ ಟಿಕ್ ಅನ್ನಬೇಕು. ಈ ಹುಚ್ಚನ್ನು ಜಗತ್ತಿಗೆ ಹಚ್ಚಿದವರಲ್ಲಿ ಮುಖ್ಯವಾದದ್ದು 2014ರಲ್ಲಿ ಉಕ್ರೇನಿನ ಕೀವ್ ಬಳಿ ಶುರುವಾದ ಯುಗಿಯರ್ಸ್ ಕಂಪನಿ. ಅದರ ವಿ-ಎಕ್ಸ್‌ಪ್ರೆಸ್ ಎಂಬ ಉಗಿಬಂಡಿಯೊಂದಕ್ಕೇ 538 ಬಿಡಿಭಾಗ. ಚೀನಾದ ರೋಬೋಟೈಮ್ ಕಂಪನಿಯ ರೋಕರ್ ಡಬ್ಬಿಗಳೂ ಅಷ್ಟೇ ಹೆಸರಾಗಿವೆ. ನಮ್ಮಲ್ಲಿ ದೆಹಲಿ ಐಐಟಿಯಲ್ಲಿ ಓದಿದ ಹುಡುಗರು ಕಟ್ಟಿದ ಸ್ಮಾರ್ಟಿವಿಟಿ ಇದೆ. ಅದು ಮಕ್ಕಳಿಗೆ ಎಂದು ನಮ್ಮ ಸಾಹೇಬರು ಮೂಗು ಮುರಿಯುತ್ತಾರೆ. ಅವರ ಡಬ್ಬಿಯ ಮೇಲೆ ‘14+’ ಎಂದು ಅಚ್ಚಾಗಿದೆ. ವಯಸ್ಸು ಅರವತ್ತಾರು ಆಗಿರುವುದರಿಂದ ಅರ್ಹತೆಯ ಪ್ರಶ್ನೆಯೇ ಇಲ್ಲ ಎಂಬುದು ಅವರ ವಾದ.

ಡಬ್ಬಿ ಸಾಮಾನಿನ ಜೊತೆ ವಿಮಾನದಲ್ಲೇ ಬರಬೇಕೆಂದು ಅವರು ಹಟ ಹಿಡಿಯಲು ಕಾರಣ ಉಂಟು. ಹೊರದೇಶದ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಜಿಗಿಯಿತು, 2023ರ ಬಜೆಟ್ಟಿನಲ್ಲಿ 70 ಆಯಿತು. ಹುಟ್ಟಿದಾಗಿನಿಂದ ಬಜೆಟ್ ಭಾಷಣವನ್ನು ಆದಾಯ ತೆರಿಗೆಗಾಗಿ ಮಾತ್ರ ಕೇಳಿದವರು ಈಗ ಆಟಿಕೆಯ ಸುಂಕದ ಬಗ್ಗೆ ಲಿಂಗಾಯತ ಭವನದ ಮದುವೆ ಊಟದ ಪಂಕ್ತಿಯಲ್ಲಿ ಮಾತಾಡುತ್ತಾರೆ. ಹೋಳಿಗೆ ಬಡಿಸುವವರು ಎರಡು ಸಲ ಮುಂದೆ ಹೋಗಿ ಬಂದರೂ ಗಮನವಿಲ್ಲ.

ಡಬ್ಬಿ ಒಡೆದ ದಿನ ಮನೆಯಲ್ಲಿ ಸುಟ್ಟ ವಾಸನೆ. ಲೇಸರ್ ಎಂದರೆ ಕೊಯ್ಯುವುದಲ್ಲ, ಸುಡುವುದು. ಹಾಗಾಗಿ ಪ್ರತಿ ಭಾಗದ ಅಂಚೂ ಕಪ್ಪಗೆ ಕರಕಲಾಗಿರುತ್ತದೆ. ಹಾಳೆ ಬಿಚ್ಚಿದೊಡನೆ ಆ ವಾಸನೆ ಪಡಸಾಲೆ ತುಂಬುತ್ತದೆ. ಮನೆಯವರು ಹಾಲು ಉಕ್ಕಿ ಹೊತ್ತಿತೆಂದು ಅಡುಗೆಮನೆಗೆ ಓಡುತ್ತಾರೆ, ಅಲ್ಲಿ ಹಾಲು ತಣ್ಣಗಿದೆ. ಹೊರಗೆ ಬಂದು ನೋಡಿದರೆ ಯಜಮಾನರ ಹತ್ತೂ ಬೆರಳು ಮಸಿ. ಆ ಬೆರಳಿನಿಂದಲೇ ಬಿಳಿ ಟಾವೆಲ್ಲು, ಬಾಗಿಲ ಹಿಡಿಕೆ, ಚಾದ ಕಪ್ಪು ಎಲ್ಲದಕ್ಕೂ ಮುದ್ರೆ ಬಿದ್ದಿದೆ.

‘ಇದೇನ್ರೀ, ಒಲಿ ಮುಂದ ಕುಂತವ್ರಂಗ?’

‘ಸೂಕ್ಷ್ಮ ಕೆಲಸ ನಡದದ. ಫ್ಯಾನ್ ಹಚ್ಚಬ್ಯಾಡ, ಹಾರಿ ಹೋಗ್ತಾವು.’

ಅಲ್ಲಿಗೆ ಊಟದ ಟೇಬಲ್ಲು ಮನೆಯ ನಕಾಶೆಯಿಂದ ಮರೆಯಾಯಿತು. ಮುಂದೆ ಒಂದು ತಿಂಗಳು ಊಟ ಚಾಪೆಯ ಮೇಲೆ, ಏಪ್ರಿಲ್ಲಿನ ಹುಬ್ಬಳ್ಳಿ ಸೆಕೆಯಲ್ಲಿ, ಫ್ಯಾನಿಲ್ಲದೆ.

ಸಾಹೇಬರು ಕೈಪಿಡಿಯನ್ನು ಓದುವುದು ಪಾರಾಯಣದ ಶಿಸ್ತಿನಲ್ಲಿ. ಅದರಲ್ಲಿ ಅಕ್ಷರ ಕಡಿಮೆ, ಚಿತ್ರ ಜಾಸ್ತಿ, ಆದರೂ ಓದುತ್ತಾರೆ. ಭಾಗ ನಂಬರ್ 47ನ್ನು ಹಾಳೆಯಿಂದ ಒತ್ತಿ ತೆಗೆಯಬೇಕು. ತೆಗೆಯುವಾಗ ಸಣ್ಣ ಗಂಟು ಉಳಿದರೆ ಉಪ್ಪಿನ ಕಾಗದದಿಂದ ಉಜ್ಜಬೇಕು. ಹಲ್ಲುಗಳಿಗೆ ಮೇಣದಬತ್ತಿ ತಿಕ್ಕಬೇಕು. ಅಚ್ಚಿನ ಜಾಗಕ್ಕೆ ಬರುವುದು ಹಲವು ಕಿಟ್‌ಗಳಲ್ಲಿ ಹಲ್ಲುಕಡ್ಡಿ, ಸಾಕ್ಷಾತ್ ಊಟದ ನಂತರ ಬಳಸುವ ಟೂತ್‌ಪಿಕ್ಕೇ. ಕಸ ಗುಡಿಸುವ ಹೆಂಗಸಿಗೆ ಇದನ್ನು ತಿಳಿಹೇಳಿದವರಿಲ್ಲ. ಆಕೆ ಟೇಬಲ್ಲಿನ ಕೆಳಗೆ ಬಿದ್ದಿದ್ದ ನಾಲ್ಕು ಕಡ್ಡಿಗಳನ್ನು ಗುಡಿಸಿ ಒಗೆದಾಗ, ಸಾಹೇಬರ ಇಂಜಿನ್ನಿನ ಹಿಂದಿನ ಗಾಲಿಗಳು ಅನಾಥವಾದವು. ಅಂದು ಅವರು ಕಸದ ಬುಟ್ಟಿಯನ್ನು ಅಂಗಳದಲ್ಲಿ ಸುರುವಿಕೊಂಡು ಕುಳಿತದ್ದನ್ನು ಕಾಂಪೌಂಡಿನ ಆಚೆಯಿಂದ ನೋಡಿದವರು ‘ಪೆನ್ಶನ್ ಬಂದಿಲ್ಲೇನ್ರೀ ಸರ?’ ಎಂದು ಕೇಳಿದ್ದರಲ್ಲಿ ಕುಹಕವಿರಲಿಲ್ಲ.

ಇಷ್ಟೆಲ್ಲ ಮಾಡಿ ಕಟ್ಟುವುದು ಆಟಿಕೆ ಬೇಕೆಂದಲ್ಲ. ಬೇಕಾದದ್ದು ಕೇಳುವವರು. ಕಚೇರಿಯಲ್ಲಿ ಇವರು ಗಂಟಲು ಕೆರೆದರೆ ಆರು ಜನ ಎದ್ದು ನಿಲ್ಲುತ್ತಿದ್ದರು. ಈಗ ಗಂಟಲು ಕೆರೆದರೆ ಮನೆಯವರು ಕಷಾಯ ತರುತ್ತಾರೆ. ಮಾತಿಗೆ ಕೂರಿಸಲು ಒಂದು ನೆಪ ಬೇಕಿತ್ತು, ಅದಕ್ಕೆ ಹಲ್ಲಿನ ಚಕ್ರ ಸಿಕ್ಕಿತು. ಲಗ್ನಪತ್ರಿಕೆ ಕೊಡಲು ಬಂದವರನ್ನು ಟೇಬಲ್ಲಿನ ಎದುರಿಗೆ ಕೂರಿಸಿ, ಅವಲಕ್ಕಿ ತಟ್ಟೆಯನ್ನು ಅವರ ಕೈಗೆ ಕೊಟ್ಟು, ಎದ್ದು ಹೋಗದ ಹಾಗೆ ಮಾಡಿ ಆರಂಭಿಸುತ್ತಾರೆ: ‘ಈ ಸಣ್ಣ ಗಾಲಿಗೆ 12 ಹಲ್ಲು. ದೊಡ್ಡದಕ್ಕ 48. ಸಣ್ಣದು ನಾಕ್ ಸುತ್ತು ಹಾಕಿದ್ರ ದೊಡ್ಡದು ಒಂದು ಸುತ್ತು. ಓಟ ಕಮ್ಮಿ ಆತು, ಬಲ ಹೆಚ್ಚಾತು. ಯಾಕ ಹೇಳ್ರಿ?’

ಬಂದವರಿಗೆ ಇನ್ನೂ ಹದಿನೇಳು ಮನೆಗೆ ಪತ್ರಿಕೆ ಕೊಡುವುದಿದೆ. ಯಾಕೆ ಎಂದು ಹೇಳುವ ಸ್ಥಿತಿಯಲ್ಲಿ ಅವರಿಲ್ಲ.

ಗಡಿಯಾರದ ಕಿಟ್ ಬಂದರಂತೂ ಮುಗಿಯಿತು. ಲೋಲಕದ ಉದ್ದ ಒಂದು ಮೀಟರ್ ಇದ್ದರೆ ಹೋಗಿ ಬರಲು ಸುಮಾರು ಎರಡು ಸೆಕೆಂಡು, ಕಾಲು ಮೀಟರ್ ಇದ್ದರೆ ಒಂದು ಸೆಕೆಂಡು. ಉದ್ದ ನಾಲ್ಕು ಪಟ್ಟು ಆದರೆ ಸಮಯ ಬರೀ ಎರಡು ಪಟ್ಟು. ಇದು ನಿಜವಾಗಿಯೂ ಸೊಗಸಾದ ಸಂಗತಿ, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸದೆ ಹೀಗೆ ತೋರಿಸಿದ್ದರೆ ಎಷ್ಟೋ ಜನ ಕಲಾ ವಿಭಾಗಕ್ಕೆ ಓಡುತ್ತಿರಲಿಲ್ಲ. ತೊಂದರೆ ಏನೆಂದರೆ ಸಾಹೇಬರ ಗಡಿಯಾರ ತಾಸಿಗೆ ಆರು ನಿಮಿಷ ಮುಂದೆ ಓಡುತ್ತದೆ. ಗುಂಡನ್ನು ಒಂದು ಎಳೆ ಕೆಳಗಿಳಿಸಿದರೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಇಡೀ ಸಂಜೆ ಮೊಬೈಲ್ ಹಿಡಿದು ಎರಡನ್ನೂ ತಾಳೆ ನೋಡುತ್ತ, ಕೊನೆಗೆ ಮೊಬೈಲಿನ ಮೇಲೇ ಅವರಿಗೆ ಸಂಶಯ ಬರುತ್ತದೆ.

ಈ ಜಾತಿಯಲ್ಲಿ ಕಿರಿಯರೂ ಉಂಟು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಸಾಫ್ಟ್‌ವೇರ್ ಹುಡುಗ ಡಬ್ಬಿಯನ್ನು ಒಂದೇ ರಾತ್ರಿಯಲ್ಲಿ ಕಟ್ಟಿ, ವಿಡಿಯೋ ಹಾಕಿ, ಮಾರನೇ ದಿನ ಮರೆಯುತ್ತಾನೆ. ಬಿವಿಬಿ ಕಾಲೇಜಿನ ಮೆಕ್ಯಾನಿಕಲ್ ಹುಡುಗ (ಅದು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಆದರೆ ಆಟೋದವರಿಗೆ ಇನ್ನೂ ಬಿವಿಬಿ) ಕಿಟ್ ನೋಡಿ ‘ಟಾಲರೆನ್ಸ್ ಸರಿಯಿಲ್ಲ’ ಎಂದು ಹೇಳಿ ಚಾ ಕುಡಿದು ಹೋಗುತ್ತಾನೆ. ಇವರಿಂದ ಸಾಹೇಬರಿಗೆ ಅಪಾಯವಿಲ್ಲ.

ಅಪಾಯ ಇರುವುದು ಎದುರುಮನೆಯ ಫಿಟ್ಟರ್ ಅವರಿಂದ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಶುರುವಾದದ್ದು. ಈ ಊರಿನಲ್ಲಿ ನಿಜವಾದ ಉಗಿ ಇಂಜಿನ್ನಿನ ಹೊಟ್ಟೆಯೊಳಗೆ ಇಳಿದು ಎದ್ದವರ ಮಕ್ಕಳು, ಮೊಮ್ಮಕ್ಕಳು ಬೇಕಾದಷ್ಟಿದ್ದಾರೆ. ಗದಗ ರಸ್ತೆಯಲ್ಲಿ 2020ರಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆದಾಗ ಸಾಹೇಬರು ಟಿಕೆಟ್ ತೆಗೆದುಕೊಂಡು ಕುತೂಹಲದಿಂದ ನೋಡಿದರು. ಫಿಟ್ಟರ್ ಅವರು ‘ಅದನ್ನ ನಾ ಒರಸೀನ್ರೀ’ ಎಂದು ಹೊರಗೇ ನಿಂತರು. ಇಂಥವರಿಗೆ 538 ತುಂಡಿನ ಮರದ ಇಂಜಿನ್ನನ್ನು ತೋರಿಸಿದರೆ ಅವರು ಅದನ್ನು ಎತ್ತಿ, ಕನ್ನಡಕ ಸರಿಸಿ, ಕೆಳಗಿನಿಂದ ನೋಡಿ ಕೇಳುವುದು ಒಂದೇ ಪ್ರಶ್ನೆ:

‘ಎಣ್ಣಿ ಎಲ್ಲಿ ಹಾಕ್ತೀರಿ?’

‘ಎಣ್ಣೆ ಅಲ್ರೀ, ಮೇಣ.’

‘ಮೇಣಾ?’ ಫಿಟ್ಟರ್ ಅವರು ಇಂಜಿನ್ನನ್ನು ಮೆಲ್ಲಗೆ ಕೆಳಗಿಡುತ್ತಾರೆ. ಆಮೇಲೆ ಮಾತು ಮಳೆಯ ಕಡೆಗೆ ಹೋಗುತ್ತದೆ.

ಮಳೆಯ ಮಾತು ಬಂದದ್ದು ಸುಮ್ಮನಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ಇರುವ ಅಂತರ ಇಪ್ಪತ್ತು ಕಿಲೋಮೀಟರ್. ಆದರೆ ಹುಬ್ಬಳ್ಳಿಯದು ಬಯಲುಸೀಮೆಯ ಒಣ ಗಾಳಿ, ಧಾರವಾಡದ್ದು ಅರೆಮಲೆನಾಡಿನ ಜಿಟಿಜಿಟಿ. ಮರ ನೀರು ಕುಡಿಯುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳು ಅಡ್ಡ-ಉದ್ದ ಕೂಡಿರುವುದರಿಂದ ಅಗಲಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ದಪ್ಪಕ್ಕೆ ಹಿಗ್ಗುತ್ತದೆ. ಕಿಟ್ಟಿನ ಸೀಳುಗಳನ್ನು ಹಾಳೆಯ ದಪ್ಪಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ಬಿಡದೆ ಕೊರೆದಿರುತ್ತಾರೆ. ಮೇ ತಿಂಗಳಲ್ಲಿ ಬೆರಳಿನಿಂದ ತಳ್ಳಿದರೆ ಹೊಕ್ಕ ಕೊಂಡಿ ಜುಲೈಯಲ್ಲಿ ಸುತ್ತಿಗೆ ಕೇಳುತ್ತದೆ. ಬೇಸಿಗೆಯಲ್ಲಿ ಗಿರಗಿರ ತಿರುಗಿದ ಚಕ್ರ ಆಷಾಢದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ರಬ್ಬರ್ ಬ್ಯಾಂಡಿನದು ಇದರ ಉಲ್ಟಾ ಕಥೆ. ಅದು ಏಪ್ರಿಲ್ಲಿನ ಬಿಸಿಲಿಗೇ ಅಂಟಂಟಾಗಿ ಹರಿದುಹೋಗಿರುತ್ತದೆ, ಈಗ ಇರುವುದು ಬೇಕರಿಯವರು ಖಾರದ ಪೊಟ್ಟಣಕ್ಕೆ ಹಾಕಿ ಕೊಟ್ಟದ್ದು. ಹೀಗೆ ಮಾಳಮಡ್ಡಿಯಲ್ಲಿ ನಿಂತ ಗಡಿಯಾರವನ್ನು ಹುಬ್ಬಳ್ಳಿಯ ಅಳಿಯನ ಮನೆಯಲ್ಲಿ ಒಣಗಿಸಿದರೆ ಓಡೀತೆಂದು ಅಲ್ಲಿನ ಸಾಹೇಬರೊಬ್ಬರು ಚಿಗರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊರಟರು. ಉಣಕಲ್ ಹತ್ತಿರ ಬ್ರೇಕ್ ಬಿತ್ತು. ಒಂದು ಗಾಲಿಯ ಮೂರು ಹಲ್ಲು ಹೋದವು.

ಮುರಿದ ಗಾಲಿಗೆ ಬದಲಿ ಬೇಕು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ಲೇಸರ್ ಯಂತ್ರ ಇಟ್ಟುಕೊಂಡು ಹೆಸರುಫಲಕ, ಬಾಗಿಲ ಜಾಲರಿ ಕೊರೆಯುವವರಿದ್ದಾರೆ. ಸಾಹೇಬರು ಗಾಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದು ಮೇಜಿನ ಮೇಲೆ ಬಿಚ್ಚಿದರು. ಹುಡುಗ ನೋಡಿ ಕೇಳಿದ, ‘ಎಷ್ಟ್ ಬೇಕ್ರೀ?’

‘ಒಂದು.’

‘ಒಂದಕ್ಕ ಮಶಿನ್ ಹಚ್ಚೂದಿಲ್ರೀ. ನೂರಿದ್ರ ನೋಡೂಣು.’

ನೂರು ಗಾಲಿ ಮಾಡಿಸಿದ್ದರೋ ಏನೋ, ಮನೆಯವರು ಜೊತೆಗಿದ್ದರು. ಕೊನೆಗೆ ಹೆಸರುಫಲಕವೊಂದರ ಮೂಲೆಯಲ್ಲಿ ಉಳಿದ ತುಣುಕಿನಲ್ಲಿ ಕೊರೆಸಿದ್ದಾಯಿತು. ಹಾಗಾಗಿ ಆ ಗಡಿಯಾರದ ಒಂದು ಚಕ್ರದ ಮೇಲೆ ಇಂದಿಗೂ ‘ನಿಲಯ’ ಎಂಬ ಅಕ್ಷರದ ಬಾಲ ಕಾಣುತ್ತದೆ.

ಇದೆಲ್ಲದರ ನಡುವೆ ಕಲಘಟಗಿಯಿಂದ ಸೋದರತ್ತೆ ಬಂದರು. ಆ ಊರಿನವರಿಗೆ ಮರದ ಕೆಲಸದ ಬಗ್ಗೆ ಉಪದೇಶ ಮಾಡುವುದು ಕಷ್ಟ. ಅರಗಿನ ಬಣ್ಣ ಹಾಕಿದ ಕಲಘಟಗಿ ತೊಟ್ಟಿಲು ಜನಪದ ಹಾಡಿನೊಳಗೇ ಹೊಕ್ಕ ವಸ್ತು. ರಾಮಾಯಣ, ಮಹಾಭಾರತದ ಚಿತ್ರ ಬರೆದ ತೊಟ್ಟಿಲು ಮನೆಯೊಳಗಿದ್ದರೆ ಅದನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುತ್ತಾರೆ. ಅತ್ತೆ ಸಾಹೇಬರ ಇಂಜಿನ್ನನ್ನು ಸುತ್ತಲೂ ನೋಡಿ, ಬಣ್ಣವಿಲ್ಲದ್ದನ್ನು ಗಮನಿಸಿ, ‘ಇನ್ನೂ ಅರ್ಧಾ ಆಗೇದೇನು?’ ಎಂದರು. ಮುಗಿದಿದೆ ಎಂದಾಗ, ‘ಇದರಾಗ ಏನ್ ಇಡ್ತಾರ?’ ಎಂದರು. ಏನೂ ಇಡುವುದಿಲ್ಲ, ಓಡುತ್ತದೆ ಎಂದಾಗ, ‘ಎಲ್ಲಿಗೆ?’ ಎಂದರು. ಸಾಹೇಬರು ಕೀಲಿ ತಿರುವಿ ಬಿಟ್ಟರು. ಇಂಜಿನ್ನು ಮುಂದಿನ ಕಾಲುಮಣೆಯವರೆಗೆ ಹೋಗಿ ಡಿಕ್ಕಿ ಹೊಡೆದು ನಿಂತಿತು. ಅತ್ತೆ ಮತ್ತೇನೂ ಕೇಳಲಿಲ್ಲ. ಜಗತ್ತಿನಲ್ಲೇ ಉದ್ದವಾದ 1507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮ್ ಇರುವ ಊರು ಹುಬ್ಬಳ್ಳಿ, ಆದರೆ ಈ ಬಂಡಿಗೆ ಪಡಸಾಲೆಯೇ ಸಾಕಾಯಿತು.

ವರ್ಷಕ್ಕೊಮ್ಮೆ ಸಾಹೇಬರಿಗೆ ಕೈಕಾಲಿಗೆ ಚಕ್ರ ಬರುವುದು ಗಣೇಶ ಚೌತಿಯಲ್ಲಿ. ಹುಬ್ಬಳ್ಳಿಯ ಗಣಪತಿ ನೋಡಲು ಹೊರಟವರು ದಾಜಿಬಾನಪೇಟೆಯಿಂದ ಹಿಡಿದು ಓಣಿಯ ಸಣ್ಣ ಪೆಂಡಾಲಿನವರೆಗೆ ರಾತ್ರಿಯಿಡೀ ತಿರುಗುತ್ತಾರೆ. ಮನೆಯ ಗಣಪತಿಗೂ ಜನ ಬರುತ್ತಾರೆ. ಬಂದವರು ಕುಂಕುಮ ಹಚ್ಚಿಕೊಂಡು ಪ್ರಸಾದಕ್ಕೆ ಕಾಯಲೇಬೇಕು, ಅಂದರೆ ಕೇಳುಗರು ತಾವಾಗಿ ಮನೆಗೆ ಬಂದು ಸಾಲಾಗಿ ಕೂರುತ್ತಾರೆ. ಹೀಗಾಗಿ ಗಣಪತಿಯ ಹಿಂದೆ ಮರದ ಪ್ರಭಾವಳಿ ತಿರುಗುವಂತೆ, ಪಕ್ಕದಲ್ಲಿ ಇಲಿ ಮೋದಕದ ಕಡೆ ಹೋಗಿ ಬರುವಂತೆ ಎರಡು ಕಿಟ್ಟುಗಳ ಭಾಗ ಕೂಡಿಸಿ ಸಾಹೇಬರು ಒಂದು ದೃಶ್ಯ ಕಟ್ಟಿದರು. ಚೌತಿ ಬರುವುದು ಮಾತ್ರ ಮಳೆಗಾಲದಲ್ಲೇ. ಸಂಜೆ ಆರಕ್ಕೆ ಪಡಸಾಲೆ ತುಂಬಿತು. ಸಾಹೇಬರು ಗಂಟಲು ಕೆರೆದು ಹಿಡಿಕೆ ತಿರುವಿದರು. ಪ್ರಭಾವಳಿ ಕಾಲು ಸುತ್ತು ಬಂದು ನಿಂತಿತು. ಇಲಿ ಮೋದಕದ ಎದುರಿಗೆ ಮೂಗು ಮಾಡಿ ನಡುಗತೊಡಗಿತು.

ಗುಂಪಿನ ಹಿಂದಿನಿಂದ ಫಿಟ್ಟರ್ ಅವರು ಎದ್ದು ಬಂದರು. ಮೊಮ್ಮಗನ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ತರಿಸಿದರು, ಬ್ಲೇಡಿನಿಂದ ಅದರ ಸೀಸ ಕೆರೆದು ಪುಡಿ ಮಾಡಿ ಹಲ್ಲುಗಳ ನಡುವೆ ಉದುರಿಸಿದರು. ಗ್ರಾಫೈಟು ಒಣ ಎಣ್ಣೆ ಇದ್ದ ಹಾಗೆ, ಜಿಗುಟಾಗುವುದಿಲ್ಲ, ಮರವನ್ನು ಹಿಗ್ಗಿಸುವುದಿಲ್ಲ. ಒಂದು ಅಚ್ಚನ್ನು ಅರ್ಧ ನೂಲು ಹೊರಗೆಳೆದು ಬೆರಳಿನಿಂದ ತಿರುವಿದರು. ಪ್ರಭಾವಳಿ ತಿರುಗಿತು, ಇಲಿ ಮೋದಕಕ್ಕೆ ಮುಟ್ಟಿ ವಾಪಸ್ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು.

‘ನೋಡ್ರಪಾ,’ ಎಂದು ಫಿಟ್ಟರ್ ಅವರೇ ಮಕ್ಕಳ ಕಡೆ ತಿರುಗಿ ಶುರು ಮಾಡಿದರು, ‘ಈ ಸಣ್ಣ ಗಾಲಿಗೆ 10 ಹಲ್ಲು...’

‘12,’ ಎಂದರು ಸಾಹೇಬರು.

‘10 ರೀ. ಎಣಸ್ರಿ.’

‘ಕೈಪಿಡಿಯಾಗ 12 ಅದ.’

‘ಕೈಪಿಡಿ ಏನ್ ಹೇಳ್ತದ, ನಾ ಕಣ್ಣಾರೆ ನೋಡಾಕತ್ತೇನಲ್ರೀ!’

ಇಬ್ಬರೂ ಗಣಪತಿಯ ಪಕ್ಕ ಬಗ್ಗಿ, ತಲೆಗೆ ತಲೆ ತಾಗಿಸಿಕೊಂಡು, ಮಸಿ ಬೆರಳಿನಿಂದ ಹಲ್ಲು ಎಣಿಸತೊಡಗಿದರು. ಮಕ್ಕಳೂ ಗಟ್ಟಿಯಾಗಿ ಎಣಿಸಿದರು, ಅವರ ಲೆಕ್ಕ 11 ಬಂತು. ಕರ್ಪೂರ ಹಚ್ಚಿದ್ದಾಗಿತ್ತು. ಮನೆಯವರು ಒಬ್ಬರ ಕೈಗೆ ಗಂಟೆ, ಇನ್ನೊಬ್ಬರ ಕೈಗೆ ಜಾಗಟೆ ಕೊಟ್ಟು, ಆರತಿ ಹಾಡಲು ಶುರು ಮಾಡಿಯೇ ಬಿಟ್ಟರು.